ಪದಕ ಬಂದ ಪುಸ್ತಕವನ್ನು ಮಗಳು ಯಾಕೆ ಮುಟ್ಟುತ್ತಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಇಂಗ್ಲಿಷ್ ಮೀಡಿಯಂನಲ್ಲಿ ಐದನೇ ಕ್ಲಾಸು ಓದುತ್ತಿದ್ದಾಳೆ. ಮಗನಿಗೆ ಆರು. ಮಗಳು 'ಡೈರಿ ಆಫ್ ಎ ವಿಂಪಿ ಕಿಡ್' ಪುಸ್ತಕಗಳನ್ನು ಎಷ್ಟು ಸಲ ಬೇಕಾದರೂ ಓದುತ್ತಾಳೆ. ಒಳ್ಳೆಯದನ್ನು ಓದಲಿ ಅಂತ ನ್ಯೂಬೆರಿ ಪದಕ ಬಂದ 'ದಿ ಗಿವರ್', 'ಬ್ರಿಜ್ ಟು ಟೆರಬಿಥಿಯಾ' ಮತ್ತು ಕ್ಲಾಸಿಕ್ ಕಥೆಗಳ ಸಂಕ್ಷಿಪ್ತ ಪುಸ್ತಕಗಳ ಒಂದು ಸೆಟ್ ತಂದುಕೊಟ್ಟೆ. ಎರಡು ಪುಟ ತಿರುವಿ ಇಟ್ಟಳು. ಕನ್ನಡ ಓದುವುದು ನಿಧಾನ, ಬೇಜಾರು ಅಂತಾಳೆ. ಪ್ರಶಸ್ತಿ ಬಂದ, ಎಲ್ಲರೂ ಮೆಚ್ಚಿದ ಪುಸ್ತಕಗಳನ್ನು ಮಕ್ಕಳು ಓದುವ ಹಾಗೆ ಮಾಡುವುದು ಹೇಗೆ? ಯಾವುದನ್ನು ಕೊಡಲಿ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಮಗಳು ಚೆನ್ನಾಗಿಯೇ ಓದುತ್ತಿದ್ದಾಳೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವ ಮಗುವಿಗೆ ಓದಿನ ರುಚಿ ಆಗಲೇ ಹತ್ತಿದೆ. ಅವಳು ಬೇಡ ಅಂದಿರುವುದು ನೀವು ಆರಿಸಿದ ಪುಸ್ತಕಗಳನ್ನು ಮಾತ್ರ. ಅವುಗಳಲ್ಲಿ ಕೆಲವನ್ನು ಅವಳ ವಯಸ್ಸಿಗೆ ನಾನೂ ಕೊಡುತ್ತಿರಲಿಲ್ಲ.

ನ್ಯೂಬೆರಿ ಪದಕವನ್ನು ಕೊಡುವುದು ಅಮೆರಿಕದ ಗ್ರಂಥಪಾಲಕರ ಸಂಘ. 1922ರಿಂದ ಕೊಡುತ್ತಾ ಬಂದಿದ್ದಾರೆ. ಅದರ ನಿಯಮಗಳಲ್ಲಿ ಎರಡು ಸಂಗತಿ ಪೋಷಕರಿಗೆ ಗೊತ್ತಿರಲೇಬೇಕು. ಒಂದು, 14 ವರ್ಷದವರೆಗಿನ ಮಕ್ಕಳಿಗಾಗಿ ಬರೆದ ಯಾವ ಪುಸ್ತಕಕ್ಕಾದರೂ ಈ ಪದಕ ಬರಬಹುದು. ಎಂಟು ವರ್ಷದ ಮಗುವಿನ ಪುಸ್ತಕದ ಮೇಲೂ ಹದಿನಾಲ್ಕರ ಹುಡುಗನ ಪುಸ್ತಕದ ಮೇಲೂ ಅದೇ ಚಿನ್ನದ ಬಣ್ಣದ ಮುದ್ರೆ ಇರುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಎರಡು, ಈ ಪ್ರಶಸ್ತಿ ಜನಪ್ರಿಯತೆಗೆ ಅಲ್ಲ ಅಂತ ನಿಯಮದಲ್ಲೇ ಬರೆದಿದೆ. ಎಷ್ಟು ಮಕ್ಕಳು ಇಷ್ಟಪಟ್ಟರು ಅನ್ನುವುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುಸ್ತಕ ಸಾಹಿತ್ಯವಾಗಿ ಎಷ್ಟು ಗಟ್ಟಿ ಅನ್ನುವುದನ್ನಷ್ಟೇ ನೋಡುತ್ತಾರೆ.

1953ರಲ್ಲಿ ಏನಾಯಿತು ಅಂತ ಕೇಳಿ. ಆ ವರ್ಷದ ಪದಕ ಬಂದದ್ದು ಆನ್ ನೋಲನ್ ಕ್ಲಾರ್ಕ್ ಬರೆದ 'ಸೀಕ್ರೆಟ್ ಆಫ್ ದಿ ಆಂಡೀಸ್' ಪುಸ್ತಕಕ್ಕೆ. ಅದೇ ವರ್ಷ ಪದಕ ತಪ್ಪಿ, ಗೌರವದ ಪಟ್ಟಿಯಲ್ಲಷ್ಟೇ ಉಳಿದ ಪುಸ್ತಕ ಇ.ಬಿ. ವೈಟ್ ಅವರ 'ಶಾರ್ಲಟ್ಸ್ ವೆಬ್'. ಇವತ್ತು ಮೊದಲನೆಯದನ್ನು ಓದಿದವರು ಕಡಿಮೆ. ಎರಡನೆಯದನ್ನು ಪ್ರಪಂಚದ ತುಂಬಾ ಮಕ್ಕಳು ಈಗಲೂ ಓದುತ್ತಿದ್ದಾರೆ. ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗಿ ಪದಕ 1936ರಿಂದ ಇದೆ. ಮಕ್ಕಳ ಮೆಚ್ಚಿನ ಲೇಖಕ ರೋಲ್ಡ್ ಡಾಲ್‌ಗೆ ಅದು ಒಂದು ಸಲವೂ ಬರಲಿಲ್ಲ. ಹಾಗಂತ ಪ್ರಶಸ್ತಿಗೆ ಬೆಲೆ ಇಲ್ಲ ಅನ್ನುತ್ತಿಲ್ಲ. ಅನುಭವ ಇರುವ ಹತ್ತಾರು ಜನ ಒಂದು ವರ್ಷದ ರಾಶಿಯನ್ನು ಜಾಲಾಡಿ, ಇದು ಚೆನ್ನಾಗಿದೆ ನೋಡಿ ಅಂತ ಎತ್ತಿಕೊಡುತ್ತಾರೆ. ಅದು ದೊಡ್ಡ ಉಪಕಾರ. ಆದರೆ ಅವರು ನಿಮ್ಮ ಮಗಳನ್ನು ನೋಡಿಲ್ಲ. ಎತ್ತಿಕೊಟ್ಟದ್ದನ್ನು ಅವಳಿಗೆ ಹೊಂದಿಸುವ ಕೆಲಸ ನಿಮಗೇ ಉಳಿಯುತ್ತದೆ.

ನೀವು ತಂದ ಎರಡು ಪುಸ್ತಕಗಳನ್ನೇ ನೋಡೋಣ. 'ದಿ ಗಿವರ್' 1994ರಲ್ಲಿ ಪದಕ ಪಡೆಯಿತು. ನೋವಿಲ್ಲದ, ಬಣ್ಣವಿಲ್ಲದ, ಆಯ್ಕೆಯೂ ಇಲ್ಲದ ಒಂದು ಊರಿನ ಕಥೆ. ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಆ ಊರಿನ ಗುಟ್ಟು ಒಂದೊಂದಾಗಿ ಗೊತ್ತಾಗುತ್ತಾ ಹೋಗುತ್ತದೆ. ಅದರಲ್ಲಿ ಒಂದು ಹಸುಗೂಸಿಗೆ ಆಗುವುದನ್ನು ಓದಿದರೆ ದೊಡ್ಡವರಿಗೇ ಕೈ ನಡುಗುತ್ತದೆ. ಅದ್ಭುತ ಪುಸ್ತಕ. ಆದರೆ ಹನ್ನೆರಡು ಹದಿಮೂರಕ್ಕೆ ಸರಿ, ಹತ್ತಕ್ಕೆ ಬೇಡ. ಕಪಾಟಿನ ಮೇಲಿನ ಸಾಲಿನಲ್ಲಿಡಿ. ಅವಳು ತಾನಾಗಿ ಕೇಳಿದ ದಿನ ಕೊಡಿ.

'ಬ್ರಿಜ್ ಟು ಟೆರಬಿಥಿಯಾ' ಬೇರೆ ತರಹ. 1978ರ ಪದಕ ಅದಕ್ಕೆ ಬಂತು. ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಅವರ ಮಗನ ಗೆಳತಿಯೊಬ್ಬಳು ಎಂಟನೇ ವಯಸ್ಸಿನಲ್ಲಿ ಸಿಡಿಲು ಬಡಿದು ತೀರಿಕೊಂಡಳು. ಆ ದುಃಖದಿಂದ ಹುಟ್ಟಿದ ಕಥೆ ಇದು. ಇದರಲ್ಲೂ ಒಂದು ಮಗು ಸಾಯುತ್ತದೆ. ಹತ್ತು ವರ್ಷಕ್ಕೆ ಕೊಡಬಹುದು, ಆದರೆ ನೀವು ಮೊದಲು ಓದಿರಬೇಕು. ಅವಳು ಆ ಅಧ್ಯಾಯ ಮುಟ್ಟಿದಾಗ ನೀವು ಮನೆಯಲ್ಲಿರಬೇಕು.

ಇಲ್ಲಿ ಬಹಳ ಪೋಷಕರು ಕೇಳುತ್ತಾರೆ: ಮಕ್ಕಳಿಗೆ ಸಾವಿನ ಕಥೆ ಯಾಕೆ ಬೇಕು? ನಮ್ಮ ಪುಣ್ಯಕೋಟಿಯನ್ನು ನೆನಪು ಮಾಡಿಕೊಳ್ಳಿ. ಕರುವಿಗೆ ಕೊನೆಯ ಸಲ ಹಾಲು ಕೊಟ್ಟು, ಅದನ್ನು ಉಳಿದ ಹಸುಗಳ ಮಡಿಲಿಗೆ ಹಾಕಿ, ತಾಯಿ ಸಾಯಲೆಂದೇ ವಾಪಸ್ ನಡೆಯುತ್ತಾಳೆ. ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಇದನ್ನು ನಾವು ನಾಲ್ಕು ವರ್ಷದ ಮಕ್ಕಳಿಗೆ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದೇವೆ. ಮಕ್ಕಳು ಅಳುತ್ತಾರೆ, ಕಣ್ಣೊರೆಸಿಕೊಂಡು ಇನ್ನೊಂದ್ಸಲ ಹೇಳು ಅಂತಾರೆ. ಪಕ್ಕದಲ್ಲಿ ಅಮ್ಮನೋ ಅಜ್ಜಿಯೋ ಇದ್ದರೆ ಅವರಿಗೆ ಅಳುವುದು ಕಷ್ಟ ಅಲ್ಲ. ಒಬ್ಬರೇ ಕೂತು ಅಳಬೇಕಾದಾಗ ಕಷ್ಟ. ದುಃಖದ ಪುಸ್ತಕವನ್ನು ಬಚ್ಚಿಡಬೇಡಿ. ಸುಮ್ನೆ ಕೈಗಿಟ್ಟು ಹೊರಟುಬಿಡಲೂ ಬೇಡಿ.

ಇನ್ನು ನಿಮ್ಮ ಮಗಳ ವಿಂಪಿ ಕಿಡ್. ದಯವಿಟ್ಟು ಅದನ್ನು ಕಸಿದುಕೊಳ್ಳಬೇಡಿ, ಅದರ ಬಗ್ಗೆ ಹಗುರವಾಗಿ ಮಾತಾಡಲೂ ಬೇಡಿ. ಸರಣಿ ಪುಸ್ತಕಗಳಿಂದ ಮಕ್ಕಳಿಗೆ ದೊಡ್ಡ ಲಾಭ ಇದೆ. ಪಾತ್ರಗಳು ಗೊತ್ತಿರುತ್ತವೆ, ಮಾತಿನ ಧಾಟಿ ಗೊತ್ತಿರುತ್ತದೆ. ಹಾಗಾಗಿ ಓದಿನ ವೇಗ ತಾನಾಗಿ ಬರುತ್ತದೆ. ಅವಳಿಗೆ ಅದರಲ್ಲಿ ಏನು ಹಿಡಿಸಿದೆ ಅಂತ ಮೊದಲು ಪತ್ತೆ ಮಾಡಿ. ಚಿತ್ರವಾ? ಶಾಲೆಯ ತಂಟೆಯಾ? ದೊಡ್ಡವರಿಗೆ ಅರ್ಥವಾಗದ ಹುಡುಗನೊಬ್ಬನ ಮನಸ್ಸಾ? ಅವಳನ್ನೇ ಕೇಳಿ. 'ಈ ಪುಸ್ತಕ ಯಾಕಿಷ್ಟ?' ಅಂದರೆ ಮಕ್ಕಳಿಗೆ ಹೇಳಲು ಬರುವುದಿಲ್ಲ. 'ಇದರಲ್ಲಿ ಯಾವ ಜಾಗ ನನಗೆ ಓದಿ ಹೇಳ್ತೀಯಾ?' ಅಂತ ಕೇಳಿ. ಅವಳು ಆರಿಸುವ ಪುಟದಲ್ಲೇ ಉತ್ತರ ಇರುತ್ತದೆ.

ಆ ಉತ್ತರ ಶಾಲೆ, ಗೆಳೆಯರು, ಎಡವಟ್ಟುಗಳು ಅಂತಾದರೆ ನನ್ನ ಮೊದಲ ಸಲಹೆ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'. 1935ರ ಪುಸ್ತಕ. ಅದನ್ನು ಮಕ್ಕಳಿಗಾಗಿ ಅಂತ ಬರೆದದ್ದೂ ಅಲ್ಲ. ಆದರೂ ಶಾಲೆಗೆ ಹೋಗುವ ಹುಡುಗನ ಮನಸ್ಸನ್ನು ಇಷ್ಟು ನಿಜವಾಗಿ ಹಿಡಿದ ಪುಸ್ತಕ ನಮ್ಮ ದೇಶದಲ್ಲಿ ಇನ್ನೊಂದು ನನಗೆ ಕಂಡಿಲ್ಲ. ಅದರ ಕ್ರಿಕೆಟ್ ಭಾಗವನ್ನೇ ನೋಡಿ. ಸ್ವಾಮಿ ಮತ್ತು ರಾಜಂ ಸೇರಿ ತಂಡ ಕಟ್ಟುತ್ತಾರೆ. ಬ್ಯಾಟು ಚೆಂಡು ಬೇಕು. ಮದರಾಸಿನ ಮೌಂಟ್ ರೋಡಿನ ಬಿನ್ಸ್ ಅಂಗಡಿಗೆ ಗತ್ತಿನಿಂದ ಒಂದು ಕಾಗದ ಬರೆಯುತ್ತಾರೆ. ಆರ್ಡರಿನ ಜೊತೆ ಶೇಕಡ 25 ಹಣ ಕಳಿಸಿ ಅಂತ ಅಂಗಡಿಯಿಂದ ಉತ್ತರ ಬರುತ್ತದೆ. ಹುಡುಗರಿಗೆ ಆ ವ್ಯಾಪಾರದ ಇಂಗ್ಲಿಷ್ ತಲೆಬುಡ ಅರ್ಥವಾಗುವುದಿಲ್ಲ. ತಪ್ಪಿ ತಮಗೆ ಬಂದಿರಬೇಕು ಅಂದುಕೊಳ್ಳುತ್ತಾರೆ. ಈ ಭಾಗವನ್ನು ಜೋರಾಗಿ ಓದಿ ನೋಡಿ. ಹತ್ತು ವರ್ಷದ ಮಗು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ವಿಂಪಿ ಕಿಡ್ ಓದಿ ನಗುವ ಹುಡುಗಿಗೆ ಸ್ವಾಮಿ ಹೊರಗಿನವನು ಅಲ್ಲ, ಅಲ್ವಾ? ಇನ್ನೊಂದು ಅನುಕೂಲ ನಿಮಗೆ ಇದೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಆಗುಂಬೆ ನಿಮ್ಮದೇ ಜಿಲ್ಲೆಯದು. ಪುಸ್ತಕ ಮುಗಿದ ಮೇಲೆ ಒಂದು ಭಾನುವಾರ ಆ ಬೀದಿ ತೋರಿಸಿ ಬನ್ನಿ. ಈ ಪುಸ್ತಕ ಕನ್ನಡದಲ್ಲೂ ಬಂದಿದೆ.

ಉತ್ತರ ಪತ್ತೇದಾರಿ, ಗುಟ್ಟು ಅಂತಾದರೆ ಸತ್ಯಜಿತ್ ರಾಯ್ ಅವರ ಫೆಲುದಾ ಕಥೆಗಳು. ಪ್ರಾಣಿಗಳು ಅಂತಾದರೆ ಮೇಲೆ ಹೇಳಿದ 'ಶಾರ್ಲಟ್ಸ್ ವೆಬ್'. ಅದರ ಶುರುವನ್ನು ಗಮನಿಸಿ. ಬೆಳಗಿನ ತಿಂಡಿಯ ಹೊತ್ತು. ಅಪ್ಪ ಕೊಡಲಿ ಹಿಡಿದು ಎಲ್ಲಿಗೆ ಹೊರಟ ಅಂತ ಹುಡುಗಿ ಅಮ್ಮನನ್ನು ಕೇಳುತ್ತಾಳೆ. ರಾತ್ರಿ ಹಂದಿಮರಿಗಳು ಹುಟ್ಟಿವೆ, ಒಂದು ಬಡಕಲು, ಅದನ್ನು ಮುಗಿಸಲು ಹೊರಟಿದ್ದಾನೆ. ಹುಡುಗಿ ಅಪ್ಪನ ಹಿಂದೆ ಓಡುತ್ತಾಳೆ. ಒಂದು ಪುಟ ಮುಗಿಯುವುದರೊಳಗೆ ಓದುವ ಮಗುವೂ ಅವಳ ಜೊತೆ ಓಡುತ್ತಿರುತ್ತದೆ. ಪುಸ್ತಕ ಆರಿಸುವಾಗ ನಾನು ಹಿಂಬದಿಯ ಹೊಗಳಿಕೆ ಓದುವುದಿಲ್ಲ. ಮೊದಲ ಎರಡು ಪುಟ ಓದುತ್ತೇನೆ. ಅಲ್ಲಿ ಏನಾದರೂ ನಡೆಯುತ್ತಿದೆಯಾ, ಯಾರಿಗಾದರೂ ಏನಾದರೂ ಬೇಕಾಗಿದೆಯಾ ಅಂತ ನೋಡುತ್ತೇನೆ. ನೀವೂ ಹಾಗೇ ಮಾಡಿ.

ಭಾಷೆ ಅವಳಿಗೆ ಭಾರವಾಗುತ್ತದಾ ಅಂತ ನೋಡಲು ಮೇಷ್ಟರುಗಳು ಬಳಸುವ ಒಂದು ಸುಲಭ ಉಪಾಯ ಇದೆ. ಪುಸ್ತಕದ ನಡುವಿನ ಯಾವುದಾದರೂ ಪುಟ ಅವಳಿಂದ ಓದಿಸಿ. ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಅವಳೊಬ್ಬಳೇ ಓದಲು ಕಷ್ಟ. ಅಂಥದ್ದನ್ನು ನೀವು ಓದಿ ಹೇಳಬಹುದು.

ಕ್ಲಾಸಿಕ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿದೆ. ಆ ಸಂಕ್ಷಿಪ್ತ ಸೆಟ್ ಪಕ್ಕಕ್ಕಿಡಿ. ಐನೂರು ಪುಟದ ಕಾದಂಬರಿಯನ್ನು ಅರವತ್ತು ಪುಟಕ್ಕೆ ಇಳಿಸಿದಾಗ ಉಳಿಯುವುದು ಏನಾಯಿತು ಅನ್ನುವ ವರದಿ ಮಾತ್ರ. ಬರೆದವರ ದನಿ, ತಮಾಷೆ, ಒಂದು ಮನೆಯ ವಾಸನೆ, ಒಂದು ಮಳೆಯ ಸದ್ದು ಎಲ್ಲ ಹೋಗಿರುತ್ತದೆ. ಮಗು ಅದನ್ನು ಓದಿ, 'ಕ್ಲಾಸಿಕ್ ಅಂದರೆ ಇಷ್ಟೇನಾ' ಅಂದುಕೊಳ್ಳುತ್ತದೆ. ಮುಂದೆ ಮೂಲ ಪುಸ್ತಕ ಕೈಗೆ ಸಿಕ್ಕರೂ ಕಥೆ ಗೊತ್ತು ಅಂತ ಬಿಟ್ಟುಬಿಡುತ್ತದೆ. ಪುರಾಣ, ಪಂಚತಂತ್ರ, ಜನಪದ ಕಥೆಗಳ ಮಾತು ಬೇರೆ. ಅವು ಹುಟ್ಟಿದ್ದೇ ಹೇಳಿ ಹೇಳಿ ಬೆಳೆಯಲು. ಯಾರು ಎಷ್ಟು ಚಿಕ್ಕದಾಗಿ ಹೇಳಿದರೂ ನಡೆಯುತ್ತದೆ.

ಕ್ಲಾಸಿಕ್‌ಗಳು ಮಗುವಿನ ಹತ್ತಿರ ಬರುವ ದಾರಿ ಕಿವಿ. ಈ ಇಡೀ ಉತ್ತರದಲ್ಲಿ ಒಂದೇ ಮಾತು ಹಿಡಿದುಕೊಳ್ಳುವುದಾದರೆ ಇದನ್ನು ಹಿಡಿದುಕೊಳ್ಳಿ. ಹಳೆಯ ಪುಸ್ತಕಗಳ ಮೊದಲ ಅಧ್ಯಾಯ ನಿಧಾನ. ವಾಕ್ಯ ಉದ್ದ. ಪದ ಹಳೆಯದು. ಮಗು ಒಬ್ಬಳೇ ಓದಿದರೆ ಅಲ್ಲೇ ನಿಲ್ಲುತ್ತಾಳೆ. ನೀವು ಓದಿದರೆ ನಿಮ್ಮ ದನಿಯ ಏರಿಳಿತವೇ ಅರ್ಧ ಅರ್ಥ ಮಾಡಿಸಿಬಿಡುತ್ತದೆ. ಹತ್ತು ವರ್ಷದ ಮಗುವಿಗೆ ಓದಿ ಹೇಳುವುದಾ ಅಂತ ಕೇಳಬೇಡಿ. ಓದಲು ಬರುವ ಮಕ್ಕಳಿಗೂ ಓದಿ ಹೇಳಬೇಕು. ತಾವೇ ಓದಲು ಆಗುವುದಕ್ಕಿಂತ ಬಹಳ ಜಾಸ್ತಿ ಕಷ್ಟದ ಕಥೆಯನ್ನು ಮಕ್ಕಳು ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ. ರಾತ್ರಿ ಊಟ ಆದ ಮೇಲೆ ಕಾಲು ಗಂಟೆ ಸಾಕು. ಕುತೂಹಲದ ಜಾಗದಲ್ಲಿ ನಿಲ್ಲಿಸಿ. ಪುಸ್ತಕವನ್ನು ಅಲ್ಲೇ ಟೀಪಾಯಿ ಮೇಲೆ ಬಿಡಿ, ಎತ್ತಿಡಬೇಡಿ. ಮುಂದೇನಾಯಿತು ಅಂತ ತಡೆಯಲಾರದೆ ಅವಳೇ ಮರುದಿನ ನಾಲ್ಕು ಪುಟ ಮುಂದೆ ಹೋಗಿರುತ್ತಾಳೆ. ಹೋದರೆ ಬೈಯಬೇಡಿ, ನಿಮಗೆ ಬೇಕಾಗಿದ್ದೂ ಅದೇ.

ಈ ದಾರಿಯಲ್ಲೇ ಅವಳ ಕನ್ನಡದ ಕಷ್ಟವೂ ಸಡಿಲವಾಗುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಅರ್ಥವಾಗದೆ ಇರುವುದಿಲ್ಲ. ಅವರಿಗೆ ಅಕ್ಷರ ಓಡುವುದಿಲ್ಲ, ಅಷ್ಟೇ. ಒತ್ತಕ್ಷರದ ಹತ್ತಿರ ತಡವರಿಸುವಾಗ ಕಥೆ ಕೈತಪ್ಪುತ್ತದೆ. ಹತ್ತು ವರ್ಷದ ತಲೆಗೆ ತಕ್ಕ ಕಥೆ ಆರು ವರ್ಷದ ವೇಗದಲ್ಲಿ ಸಾಗಿದರೆ ಯಾರಿಗೇ ಆಗಲಿ ಬೇಜಾರು. ಹಾಗಂತ ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅವಳಿಗೆ ಅವಮಾನ. ಇದಕ್ಕೆ ಮೂರು ಉಪಾಯಗಳನ್ನು ನಾನು ನಂಬಿದ್ದೇನೆ.

ಮೊದಲನೆಯದು ನಿಮ್ಮ ಮಗ. ತಮ್ಮನಿಗೆ ಕನ್ನಡದ ಚಿತ್ರಪುಸ್ತಕ ಓದಿ ಹೇಳುವ ಕೆಲಸವನ್ನು ಅಕ್ಕನಿಗೆ ಕೊಡಿ. ಆಗ ಅದು ಅವಳ ಪುಸ್ತಕ ಅಲ್ಲ, ಅವನದು. ಅವಮಾನ ಇಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ 2015ರಲ್ಲಿ ಶುರುವಾಯಿತು. ಅಲ್ಲಿ ಕನ್ನಡದ ಬಹಳಷ್ಟು ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಮೊದಲ ಎರಡು ಹಂತ ಮಗನ ಹೆಸರಿನಲ್ಲಿ ಮಗಳು ಓದಲಿ. ಚೆನ್ನೈನ ತೂಲಿಕಾ ಪ್ರಕಾಶನದ, ಒಂದೇ ಪುಟದಲ್ಲಿ ಕನ್ನಡ ಇಂಗ್ಲಿಷ್ ಎರಡೂ ಇರುವ ಪುಸ್ತಕಗಳೂ ಇಂಥ ಮನೆಗೆ ಚೆನ್ನಾಗಿ ಒದಗುತ್ತವೆ.

ಎರಡನೆಯದು ನಾಟಕ. ಇದನ್ನು ಪೋಷಕರು ಯೋಚನೆಯನ್ನೇ ಮಾಡುವುದಿಲ್ಲ. ನಾಟಕದಲ್ಲಿ ಸಾಲು ಚಿಕ್ಕದು. ಮಾತು ಆಡುಭಾಷೆಯದು. ನಿಮ್ಮ ಸರದಿ, ಅವಳ ಸರದಿ ಅಂತ ಬರುವುದರಿಂದ ಮಧ್ಯೆ ಉಸಿರಾಡಲು ಸಮಯ ಇರುತ್ತದೆ. ವೈದೇಹಿ ಅವರ 'ನಾಯಿಮರಿ ನಾಟಕ', 'ಧಾಂ ಧೂಂ ಸುಂಟರಗಾಳಿ' ತಂದು ಮನೆಯವರೆಲ್ಲ ಪಾತ್ರ ಹಂಚಿಕೊಳ್ಳಿ. ಓದಲು ಬಾರದ ಮಗನಿಗೆ ಬೊಗಳುವ ಕೆಲಸ, ಗಾಳಿ ಬೀಸುವ ಕೆಲಸ ಕೊಡಿ. ತಡವರಿಸಿದರೆ ತಿದ್ದಬೇಡಿ. ಎರಡನೇ ಸಲ ಓದುವಾಗ ಅವಳೇ ಸರಿ ಮಾಡಿಕೊಳ್ಳುತ್ತಾಳೆ, ಯಾಕೆಂದರೆ ಪಾತ್ರ ಚೆನ್ನಾಗಿ ಬರಬೇಕು ಅನ್ನುವ ಹಟ ಅವಳಿಗೇ ಬಂದಿರುತ್ತದೆ.

ಮೂರನೆಯದು ಪದ್ಯ. ಪ್ರಾಸ ಇದ್ದರೆ ಮುಂದಿನ ಪದ ಯಾವುದು ಅಂತ ಕಿವಿ ಮೊದಲೇ ಊಹಿಸುತ್ತದೆ, ಕಣ್ಣಿಗೆ ಕೆಲಸ ಕಡಿಮೆ. ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ, ಸಿದ್ದಯ್ಯ ಪುರಾಣಿಕ ಇವರೆಲ್ಲ ಮಕ್ಕಳಿಗೆ ಅಂತಲೇ ಬರೆದ ಪದ್ಯಗಳಲ್ಲಿ ಅರ್ಧ ನಿಮಗೇ ಬಾಯಿಪಾಠ ಇರುತ್ತದೆ. ಆದರೆ ನಿಮ್ಮ ಮಗಳ ವಯಸ್ಸಿಗೆ ನಾನು ಕೈಗಿಡುವುದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪದ್ಯವಾಗಿ ಪ್ರಕಟಿಸಿದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಕುವೆಂಪು ತುಂಗಾ ನದಿಯ ದಡಕ್ಕೆ ತಂದರು. ಊರಗೌಡ ನಮ್ಮವನು, ಇಲಿಗಳು ನಮ್ಮವು, ಅವು ನುಗ್ಗುವ ಮನೆಗಳೂ ನಮ್ಮವು. ಇಲಿಗಳ ಮೆರವಣಿಗೆ ಬರುವ ಭಾಗವನ್ನು ಸುಮ್ಮನೆ ಕೂತು ಓದಲು ಆಗುವುದಿಲ್ಲ. ಎದ್ದು ನಿಂತು ಓದಿ. ಮಕ್ಕಳನ್ನೂ ಎಬ್ಬಿಸಿ. ಮಾತು ಕೊಟ್ಟು ತಪ್ಪಿದ ಗೌಡನಿಂದ ಊರಿಗೆ ಏನಾಯಿತು ಅನ್ನುವ ಕೊನೆಯ ಭಾಗ ಬಂದಾಗ ಇಬ್ಬರೂ ತಾವಾಗಿ ಸುಮ್ಮನಾಗುತ್ತಾರೆ. ನೀವು ದಿನಾ ದಾಟುವ ಹೊಳೆಯೇ ಆ ಪದ್ಯದ್ದು ಅಂತ ಅವರಿಗೆ ಹೇಳಿ.

ಕಿಂದರಿಜೋಗಿಗೆ ಯಾವ ಮಕ್ಕಳ ಪ್ರಶಸ್ತಿಯೂ ಬಂದಿಲ್ಲ. ಪಂಜೆ ಮಂಗೇಶರಾಯರ ಕಥೆಗಳಿಗೂ ಇಲ್ಲ. ಆಗ ಕನ್ನಡದಲ್ಲಿ ಅಂಥ ಪ್ರಶಸ್ತಿಗಳೇ ಇರಲಿಲ್ಲ. 1936ರಲ್ಲಿ ಶಿವರಾಮ ಕಾರಂತರು ಒಬ್ಬರೇ ಕೂತು ಮೂರು ಸಂಪುಟದ 'ಬಾಲಪ್ರಪಂಚ' ಮಾಡಿದರು. ಗ್ರಹ ನಕ್ಷತ್ರದಿಂದ ಹಿಡಿದು ಪ್ರಾಣಿ, ಯಂತ್ರ, ದೇಶ ವಿದೇಶದವರೆಗೆ ಎಲ್ಲವನ್ನೂ ಕನ್ನಡದ ಮಗುವಿಗೆ ಚಿತ್ರ ಸಮೇತ ತೋರಿಸಬೇಕು ಅನ್ನುವ ಹಂಬಲ ಅದು. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟದ 'ಜ್ಞಾನಗಂಗೋತ್ರಿ' ಬಂತು. ಎಪ್ಪತ್ತರ ದಶಕದಲ್ಲಿ ಭಾರತ ಭಾರತಿ ಪುಸ್ತಕ ಮಾಲೆಯ 510 ಪುಟ್ಟ ಪುಸ್ತಕಗಳು ಬಂದವು. ನಿಮ್ಮ ವಯಸ್ಸಿನವರ ಮನೆಗಳಲ್ಲಿ ಅವು ಕಟ್ಟುಕಟ್ಟಾಗಿ ಇದ್ದವು. ಇವುಗಳಲ್ಲಿ ಎಷ್ಟೋ ಮಾಹಿತಿ ಈಗ ಹಳತಾಗಿದೆ. ಹಾಗಾಗಿ ಮಗಳಿಗೆ ಇವನ್ನೇ ಓದು ಅನ್ನುವುದಿಲ್ಲ. ಕಾರಂತರ ಚಿತ್ರಗಳನ್ನು ತೋರಿಸಿ, ನಿಮ್ಮ ಅಜ್ಜ ಅಜ್ಜಿ ಚಿಕ್ಕವರಿದ್ದಾಗ ಪ್ರಪಂಚ ಹೀಗೆ ಕಂಡಿತ್ತು ಅಂತ ಹೇಳಿದರೆ ಸಾಕು.

ಪಂಜೆಯವರ 'ಸಿಗಡಿ ಯಾಕೆ ಒಣಗಲಿಲ್ಲ' ಮಾತ್ರ ಸ್ವಲ್ಪವೂ ಹಳತಾಗಿಲ್ಲ. ಒಂದು ಪ್ರಶ್ನೆಗೆ ಇನ್ನೊಂದು ಕೊಂಡಿ ಹಾಕಿಕೊಂಡು ಹೋಗುವ ಕಥೆ. ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ತಲೆಗೆ ಕಟ್ಟುತ್ತಾರೆ. ನಿಮ್ಮ ಮಗ ಇದನ್ನು ಎರಡೇ ಸಲಕ್ಕೆ ಬಾಯಿಪಾಠ ಮಾಡಿ ಮನೆಗೆ ಬಂದವರಿಗೆಲ್ಲ ಒಪ್ಪಿಸುತ್ತಾನೆ.

ಈಗಿನ ಕನ್ನಡದ ಪ್ರಶಸ್ತಿ ಪುಸ್ತಕಗಳ ಬಗ್ಗೆಯೂ ಹೇಳಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ, 24 ಭಾಷೆಗಳಿಗೆ. ಕನ್ನಡಕ್ಕೆ ಮೊದಲನೆಯದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ. ಗಾಂಧಿಯನ್ನು ಪ್ರತಿಮೆಯಿಂದ ಕೆಳಗಿಳಿಸಿ ಮಗುವಿನ ಎತ್ತರಕ್ಕೆ ತಂದ ಪುಸ್ತಕ. ಐದನೇ ಕ್ಲಾಸಿಗೆ ಹೇಳಿ ಮಾಡಿಸಿದ ಹಾಗಿದೆ. ಮಧ್ಯದ ವರ್ಷಗಳಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ, ಸುಮತೀಂದ್ರ ನಾಡಿಗ ಅವರಂಥ ಹಿರಿಯರಿಗೆ ಒಟ್ಟು ಸಾಧನೆಗಾಗಿ ಕೊಟ್ಟರು. ಆ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ನಿಮಗೆ ಹೆಸರು ಸಿಗುತ್ತದೆ, ಪುಸ್ತಕ ಯಾವುದು ಅಂತ ಸಿಗುವುದಿಲ್ಲ. ಇತ್ತೀಚೆಗೆ ಮತ್ತೆ ಪುಸ್ತಕಗಳಿಗೇ ಬರುತ್ತಿದೆ. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' 2021ಕ್ಕೆ, ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' 2022ಕ್ಕೆ, ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' 2023ಕ್ಕೆ, ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' 2024ಕ್ಕೆ. ಇದು ನನಗೆ ತುಂಬಾ ಖುಷಿ ಕೊಟ್ಟ ಸಾಲು. ನೀತಿಪಾಠ ಹೇಳಿ ಮುಗಿಸುವ ಹಳೆಯ ಚಾಳಿಯಿಂದ ನಮ್ಮ ಮಕ್ಕಳ ಸಾಹಿತ್ಯ ಹೊರಗೆ ಬರುತ್ತಿದೆ. ಮಕ್ಕಳಿಗೆ ಅಂತಲೇ ಬರೆದ ಕಾದಂಬರಿ ಕನ್ನಡದಲ್ಲಿ ಒಂದರ ಹಿಂದೆ ಒಂದು ಬರುತ್ತಿದೆ. ಮೊದಲು ನೀವು ಓದಿ. ಮಗಳಿಗೆ ಮೊದಲ ಅಧ್ಯಾಯ ಓದಿ ಹೇಳಿ. ಉಳಿದದ್ದನ್ನು ಅವಳು ಹಿಡಿಯುತ್ತಾಳಾ ನೋಡಿ. ಹಿಡಿಯದಿದ್ದರೆ ಆರು ತಿಂಗಳು ಬಿಟ್ಟು ಮತ್ತೆ ನೋಡಿ.

ಅನುವಾದಗಳಲ್ಲಿ ಒಂದನ್ನು ಮಾತ್ರ ಹೆಸರಿಸುತ್ತೇನೆ. ಜಪಾನಿನ ತೆತ್ಸುಕೋ ಕುರೊಯಾನಾಗಿ 1981ರಲ್ಲಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ 'ತೊತ್ತೋಚಾನ್'. ಕನ್ನಡದಲ್ಲಿ ಸಿಗುತ್ತದೆ. ಹಳೆಯ ರೈಲು ಬೋಗಿಗಳೇ ಅಲ್ಲಿ ತರಗತಿ. ಒಂದು ದಿನ ಆ ಹುಡುಗಿಯ ಇಷ್ಟದ ಪರ್ಸು ಕಕ್ಕಸಿನ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು ಗುಂಡಿಯಿಂದ ಎಲ್ಲವನ್ನೂ ತೋಡಿ ಹೊರಗೆ ರಾಶಿ ಹಾಕುತ್ತಾಳೆ. ಹೆಡ್‌ಮಾಸ್ತರ್ ಕೊಬಯಾಶಿ ಆ ದಾರಿಯಲ್ಲಿ ಬರುತ್ತಾರೆ. ಏನು ಮಾಡ್ತಿದ್ದೀಯಾ ಅಂತ ಕೇಳುತ್ತಾರೆ. ಪರ್ಸು ಬಿತ್ತು ಅಂತಾಳೆ. ಸರಿ ಅಂತ ಕೈ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಂದು, ಮುಗಿದ ಮೇಲೆ ಎಲ್ಲ ವಾಪಸ್ ಹಾಕ್ತೀಯಲ್ಲ ಅಂತ ಮಾತ್ರ ಕೇಳುತ್ತಾರೆ. ಬೈಗುಳವೂ ಇಲ್ಲ, ಸಹಾಯವೂ ಇಲ್ಲ. ಅವಳು ಎಲ್ಲವನ್ನೂ ವಾಪಸ್ ಹಾಕುತ್ತಾಳೆ. ಪರ್ಸು ಸಿಗುವುದಿಲ್ಲ. ಈ ಪುಟ ಓದಿದ ಮಕ್ಕಳು ಅಮ್ಮನ ಮುಖ ನೋಡುತ್ತಾರೆ. ನಮ್ಮನೇಲಿ ಆಗಿದ್ದರೆ ನೀನೇನು ಮಾಡ್ತಿದ್ದೆ ಅಂತ ಕೇಳುತ್ತಾರೆ. ಉತ್ತರ ರೆಡಿ ಇಟ್ಟುಕೊಳ್ಳಿ.

ಹಳೆಯ ಪುಸ್ತಕ ಕೊಡುವಾಗ ಒಂದು ಎಚ್ಚರ ಬೇಕು. 1923ರಲ್ಲಿ ನ್ಯೂಬೆರಿ ಪಡೆದ ಡಾಕ್ಟರ್ ಡೂಲಿಟಲ್ ಕಥೆಯ ಸರಣಿಯಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಭಾಗಗಳಿದ್ದವು. ಮುಂದಿನ ಆವೃತ್ತಿಗಳಲ್ಲಿ ತೆಗೆದುಹಾಕಿದರು. ನಮ್ಮ ಅಮರ ಚಿತ್ರ ಕಥೆಯಲ್ಲಿ ರಾಜಕುಮಾರರು, ರಾಜಕುಮಾರಿಯರು ಹೆಚ್ಚಾಗಿ ಬೆಳ್ಳಗೆ, ರಾಕ್ಷಸರು ಹೆಚ್ಚಾಗಿ ಕಪ್ಪಗೆ. ಈ ಟೀಕೆ ಬಹಳ ಹಿಂದಿನಿಂದ ಇದೆ, ನ್ಯಾಯವಾದದ್ದೂ ಹೌದು. ನಾನು ಅವನ್ನು ಕೊಡಬೇಡಿ ಅನ್ನುವುದಿಲ್ಲ. ಜೊತೆಗೆ ಕೂತು ಓದುವಾಗ, 'ರಾಕ್ಷಸನನ್ನು ಯಾವಾಗಲೂ ಕಪ್ಪಗೆ ಯಾಕೆ ಬರೆದಿದ್ದಾರೆ?' ಅಂತ ಒಂದು ಪ್ರಶ್ನೆ ಕೇಳಿ. ಹತ್ತು ವರ್ಷದ ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಆಮೇಲೆ ಟಿವಿ ಜಾಹೀರಾತಿನಲ್ಲೂ ಅದನ್ನೇ ಪತ್ತೆ ಮಾಡಿ ನಿಮಗೆ ತೋರಿಸುತ್ತಾರೆ.

ಇನ್ನೆರಡು ಮೂರು ವರ್ಷಕ್ಕೆ ಬೇಕಾಗುವುದನ್ನೂ ಈಗಲೇ ಹೇಳಿಡುತ್ತೇನೆ. ಪೂರ್ಣಚಂದ್ರ ತೇಜಸ್ವಿ. 'ಪರಿಸರದ ಕಥೆ'ಯನ್ನು ನೀವು ಓದಿ ಹೇಳುವುದಾದರೆ ಈಗಲೇ ಶುರು ಮಾಡಬಹುದು. ಕಿವಿ ಅನ್ನುವ ನಾಯಿಯ ಭಾಗಗಳಿಂದ ಶುರು ಮಾಡಿ. 'ಕರ್ವಾಲೊ' ಹನ್ನೆರಡು ಹದಿಮೂರಕ್ಕೆ. ಊರಿನವರು ಕೆಲಸಕ್ಕೆ ಬಾರದವನು ಅಂದುಕೊಂಡ ಮಂದಣ್ಣನ ಕಣ್ಣಿಗೆ ಕಾಡಿನಲ್ಲಿ ಕಾಣುವುದು ಬೇರೆ ಯಾರಿಗೂ ಕಾಣುವುದಿಲ್ಲ. ದೊಡ್ಡ ವಿಜ್ಞಾನಿಯೊಬ್ಬರು ಅವನನ್ನು ಶಿಷ್ಯನಾಗಿ ಮಾಡಿಕೊಂಡು ಹಾರುವ ಓತಿ ಹುಡುಕಲು ಹೊರಡುತ್ತಾರೆ. ಶಾಲೆಯ ಮಾರ್ಕ್ಸ್ ಕಾರ್ಡಿನಿಂದ ತನ್ನನ್ನು ಅಳೆದುಕೊಳ್ಳಲು ಶುರು ಮಾಡುವ ವಯಸ್ಸಿಗೆ ಮಂದಣ್ಣ ಸಿಗಬೇಕು.

ಇಷ್ಟೆಲ್ಲ ಕೊಳ್ಳಬೇಕಾಗಿಲ್ಲ. ನಿಮ್ಮ ಊರಿನ ಸರ್ಕಾರಿ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಒಂದು ಸಲ ಹೋಗಿ. ನಿಮ್ಮ ಅಥವಾ ನೆಂಟರ ಊರು ಹಳ್ಳಿಯಾದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ಮಗಳನ್ನು ಬಿಡಿ, ಅವಳೇ ಆರಿಸಲಿ. ಮೂರು ಪುಸ್ತಕ ಅವಳದು, ಒಂದು ನಿಮ್ಮದು ಅಂತ ಒಪ್ಪಂದ ಮಾಡಿಕೊಳ್ಳಿ. ನಿಮ್ಮದನ್ನು ಅವಳು ಇಪ್ಪತ್ತು ಪುಟ ಓದಿ ಬೇಡ ಅಂದರೆ ಬಿಡುವ ಹಕ್ಕು ಅವಳಿಗೆ ಇರಲಿ. ಓದಿದ ಮೇಲೆ ಸಾರಾಂಶ ಬರೆಸಬೇಡಿ, ಇದರಿಂದ ಏನು ಕಲಿತೆ ಅಂತ ಕೇಳಬೇಡಿ. ಆ ಪ್ರಶ್ನೆ ಬರುತ್ತದೆ ಅಂತ ಗೊತ್ತಾದ ಮಗು ಪುಸ್ತಕವನ್ನೇ ದೂರ ಇಡುತ್ತದೆ.

ಈ ವಾರ ಶುರು ಮಾಡುವುದಾದರೆ ಹೀಗೆ ಮಾಡಿ. 'ದಿ ಗಿವರ್' ಮೇಲಿನ ಸಾಲಿಗೆ ಹೋಗಲಿ. ವಿಂಪಿ ಕಿಡ್ ಇದ್ದಲ್ಲೇ ಇರಲಿ. ರಾತ್ರಿ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಕಿಂದರಿಜೋಗಿ ಓದಿ. ಅದು ಒಂದೆರಡು ರಾತ್ರಿಗೆ ಮುಗಿಯುತ್ತದೆ. ಆಮೇಲೆ ಮಗ ಮಲಗಿದ ಮೇಲೆ ಮಗಳಿಗೆ ಮಾತ್ರ 'ಸ್ವಾಮಿ'. ಅವಳ ಒಬ್ಬಳದೇ ಆದ ಕಾಲು ಗಂಟೆ ಅದು. ಇಂಗ್ಲಿಷಿನಲ್ಲಿ ಓದಿ, ನಡುನಡುವೆ ಕನ್ನಡದಲ್ಲಿ ಹೇಳಿ, ಹೇಗೆ ಬೇಕಾದರೂ ನಡೆಯುತ್ತದೆ. ಒಂದು ತಿಂಗಳು ಬಿಟ್ಟು ಅವಳು ಯಾವುದನ್ನು ಹಿಡಿದಳು, ಯಾವುದನ್ನು ಬಿಟ್ಟಳು ಅಂತ ಬರೆಯಿರಿ. ಮುಂದಿನ ಪುಸ್ತಕ ಯಾವುದು ಅಂತ ಅದನ್ನು ನೋಡಿ ಹೇಳುತ್ತೇನೆ.